ಕನ್ನಡ ನಾಡಿನ ಜಲಾನಯನ ನಕ್ಷೆಗಳು: ಸ್ಥಳನಿರ್ಣಯದ ಒಂದು ಇತಿಹಾಸ

1

ಕೆರೆಯನ್ನು ಕಟ್ಟಿಸುವುದು ಮಹಾಪುಣ್ಯವೆಂದು ಕನ್ನಡ ನಾಡಿನ ಶಾಸನಗಳು ಶತಮಾನಗಳ ಕಾಲ ಸಾರಿವೆ. ಕಟ್ಟಿಸಿದವರ ಹೆಸರು, ಅವರ ವಂಶ, ಬಿಟ್ಟುಕೊಟ್ಟ ದತ್ತಿ, ಏರಿಯ ಕಾಪಿಗಾಗಿ ನೀಡಿದ ಕಟ್ಟುಗೊಡಗೆ ಇವೆಲ್ಲವೂ ಕಲ್ಲಿನ ಮೇಲೆ ಉಳಿದುಬಂದಿವೆ. ಆದರೆ ಆ ಕೆರೆ ಆ ಸ್ಥಳದಲ್ಲಿಯೇ ಏಕೆ ಆಯಿತು, ಯಾವ ಲಕ್ಷಣಗಳನ್ನು ಕಂಡು ಯಾರು ಆ ಸ್ಥಳವನ್ನು ಆರಿಸಿದರು ಎಂಬ ವಿಷಯದಲ್ಲಿ ಶಾಸನಗಳು ಬಹುಮಟ್ಟಿಗೆ ಮೌನವಾಗಿವೆ.

ಸ್ಥಳನಿರ್ಣಯದ ಈ ವಿದ್ಯೆ ಇಂದು ಅಂತರ್ಜಾಲದ ನಕ್ಷೆಗಳನ್ನು ಆಶ್ರಯಿಸಿದೆ. ಜಲಾನಯನ ಯೋಜನೆಯನ್ನು ಸಿದ್ಧಪಡಿಸುವ ಅಧಿಕಾರಿಯು ಇಳಿಜಾರು, ಮಣ್ಣು, ಹಳ್ಳ, ಬೆಳೆ, ಸರ್ವೆ ನಂಬರು ಇವುಗಳ ನಕ್ಷೆಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಹಾಸಿ ನೋಡಿ, ಇಲ್ಲಿ ಜಿನುಗು ಕೆರೆ, ಇಲ್ಲಿ ತಡೆ ಅಣೆ, ಇಲ್ಲಿ ಬದು ಎಂದು ಗುರುತು ಹಾಕುತ್ತಾನೆ. ಗಣಿಗಾಗಿಯೋ ಹೆದ್ದಾರಿಗಾಗಿಯೋ ಕಾಡು ಕಡಿದುಹೋದಾಗ ಅದಕ್ಕೆ ಪ್ರತಿಯಾಗಿ ಬೇರೊಂದೆಡೆ ಗಿಡ ನೆಡಬೇಕಾದ ಭೂಮಿಯ ಎಲ್ಲೆಯೂ ಮೊದಲು ಮೂಡುವುದು ಇದೇ ಪರದೆಯ ಮೇಲೆ. ನೀರನ್ನು ತಡೆಯುವ ಕಾರ್ಯಕ್ಕೂ ನಷ್ಟವನ್ನು ತುಂಬಿಕೊಡುವ ಕಾರ್ಯಕ್ಕೂ ಮೂಲಪ್ರಶ್ನೆ ಒಂದೇ: ತೆರವಾದ ನೆಲ ಎಲ್ಲಿದೆ? ಈ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಹಿಂದಿನವರು ಹೇಗೆ ಕೇಳಿದರು, ಅವರು ಬರೆದಿಟ್ಟ ನಕ್ಷೆಗಳು ಇಂದಿನ ಪರದೆಯೊಳಗೆ ಹೇಗೆ ಉಳಿದುಕೊಂಡಿವೆ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

2

ಶಾಸನಗಳು ಈ ವಿಷಯದಲ್ಲಿ ಮೌನವಾಗಿವೆ ಎಂಬ ಮಾತಿಗೆ ಒಂದು ದೊಡ್ಡ ಅಪವಾದವುಂಟು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವೊಂದಿದೆ. ಅದರ ಕಾಲ ಕ್ರಿ.ಶ. 1369. ಪ್ರತಿದಿನವೂ ಸಾವಿರ ಜನ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಈ ಕಾರ್ಯ ಮುಗಿಯಿತೆಂದು ಅದು ತಿಳಿಸುತ್ತದೆ. ಉತ್ತಮವಾದ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಈ ಶಾಸನ ಎಣಿಸಿ ಹೇಳುವುದು ಇಲ್ಲಿ ಮುಖ್ಯವಾದ ಸಂಗತಿ. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಏರಿಗೆ ಆಸರೆಯಾಗುವ ಬೆಟ್ಟದ ತುದಿಗಳು, ಹತ್ತಿರದಲ್ಲಿಯೇ ಕಲ್ಲಿನ ಗಣಿ, ಕೆಳಗೆ ಫಲವತ್ತಾದ ಸಮನೆಲ, ಕಟ್ಟುವ ಕಲೆಯಲ್ಲಿ ನುರಿತ ಜನ ಇವು ಅಂಗಗಳಲ್ಲಿ ಕೆಲವು. ದೋಷಗಳಲ್ಲಿ ಏರಿಯಿಂದ ನೀರು ಒಸರುವುದು, ಚೌಳು ಮಣ್ಣು, ಒಡಲ ನಡುವೆ ಉಬ್ಬು ಇವುಗಳ ಜೊತೆಗೆ ಎರಡು ರಾಜ್ಯಗಳ ಗಡಿಯಲ್ಲಿ ಇರುವುದೂ ಒಂದು ದೋಷವೆಂದು ಹೇಳಿದೆ. ನೀರು ಕಡಮೆಯಾಗಿ ಸಾಗುವಳಿಯ ನೆಲ ಹೆಚ್ಚಾದರೂ ದೋಷ. ನೆಲ ಕಡಮೆಯಾಗಿ ನೀರು ಹೆಚ್ಚಾದರೂ ದೋಷ.

ಈ ಪಟ್ಟಿಯಲ್ಲಿ ನೆಲದ ಲಕ್ಷಣಗಳ ಪಕ್ಕದಲ್ಲಿಯೇ ಅರಸು, ಕುಶಲಿಗಳು, ರಾಜ್ಯದ ಗಡಿ ಮೊದಲಾದ ಮನುಷ್ಯಸಂಬಂಧದ ವಿಷಯಗಳೂ ಸೇರಿವೆ. ಸ್ಥಳವೆಂದರೆ ಮಣ್ಣು ನೀರುಗಳಷ್ಟೇ ಅಲ್ಲದೆ ಅದರ ಮೇಲಿನ ಅಧಿಕಾರ ಮತ್ತು ಅನುಭೋಗಗಳೂ ಕೂಡಿದ ವಸ್ತುವೆಂದು ಹದಿನಾಲ್ಕನೆಯ ಶತಮಾನದ ಆ ಶಾಸನಕಾರನು ಭಾವಿಸಿದ್ದನೆಂಬುದು ಸ್ಪಷ್ಟ.

3

ಅಳತೆಯ ನಕ್ಷೆಗಳು ಈ ನಾಡಿಗೆ ಬಂದುದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಅನಂತರ. ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನಿಂದ ತ್ರಿಕೋನಮಾಪನದ ಮಹಾಕಾರ್ಯವನ್ನು ಆರಂಭಿಸಿದನು. ಲ್ಯಾಂಬ್ಟನ್ನನ ದೃಷ್ಟಿ ಭೂಮಿಯ ಆಕಾರದ ಮೇಲೆ ನೆಟ್ಟಿದ್ದರೆ, ಮೆಕೆಂಜಿಯ ಕುತೂಹಲ ಊರುಗಳ ಮೇಲೆ ಹರಡಿತ್ತು. ಕಾವಲಿ ವೆಂಕಟ ಬೊರಯ್ಯ ಮತ್ತು ಅವನ ತಮ್ಮಂದಿರ ನೆರವಿನಿಂದ ಅವನು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಹಾಕಿದನು. ಊರು ಹೇಗೆ ಹುಟ್ಟಿತು, ಕೆರೆಯನ್ನು ಯಾರು ಕಟ್ಟಿಸಿದರು, ದತ್ತಿ ಯಾರಿಗೆ ಸಲ್ಲುತ್ತಿತ್ತು ಎಂಬ ಬಗೆಯ ವಿವರಗಳು ಕೈಫಿಯತ್ತುಗಳಲ್ಲಿ ದೊರೆಯುತ್ತವೆ. ಹೀಗೆ ನಕ್ಷೆಯೂ ನೆಲದ ನೆನಪೂ ಒಬ್ಬನ ಕೈಯಲ್ಲಿಯೇ ಕೂಡಿದ್ದುವು. ಅವನು 1821ರಲ್ಲಿ ತೀರಿಕೊಂಡ ಮೇಲೆ ಸಂಗ್ರಹವು ಚದರಿಹೋಯಿತು. ಕೈಫಿಯತ್ತುಗಳು ಮದರಾಸಿನಲ್ಲಿ ನೆಲೆಗೊಂಡುವು. ನಕ್ಷೆಗಳೂ ಇಂಗ್ಲಿಷ್ ಕಾಗದಗಳೂ ಬಹುಪಾಲು ಲಂಡನ್ನನ್ನು ಸೇರಿದುವು. ಈ ಅಗಲಿಕೆಯ ಪರಿಣಾಮವು ಮುಂದಿನ ಇತಿಹಾಸದಲ್ಲಿ ಕಾಣಬರುತ್ತದೆ.

ಎರಡನೆಯ ಬಗೆಯ ನಕ್ಷೆ ಬಂದುದು ಮುಂಬಯಿ ಇಲಾಖೆಯಿಂದ. 1835-36ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಆರಂಭಿಸಿದ ಕಂದಾಯ ಮೋಜಣಿಯ ಪದ್ಧತಿ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಹಬ್ಬಿತು. ಅದರ ತತ್ತ್ವಗಳು 1847ರ ಸಂಯುಕ್ತ ವರದಿಯಲ್ಲಿ ನೆಲೆಗೊಂಡುವು. 1863ರಲ್ಲಿ ಮೈಸೂರು ಸಂಸ್ಥಾನವೂ ಇದೇ ಪದ್ಧತಿಯನ್ನು ಅಂಗೀಕರಿಸಿತು. ಈ ಮೋಜಣಿಯ ಘಟಕ ಹೊಲ. ಒಂದು ಜೊತೆ ಎತ್ತು ಉಳಬಹುದಾದಷ್ಟು ನೆಲವನ್ನು ಗಮನದಲ್ಲಿರಿಸಿಕೊಂಡು ಒಂದೊಂದು ನಂಬರನ್ನು ಕಟ್ಟಿದರು. ಅಳೆಯುವ ಸರಪಳಿ 33 ಅಡಿ. ಅದರ ಚದರವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗ್ರಾಮ ನಕಾಶೆಯಲ್ಲಿ ಒಂದು ಮೈಲಿಗೆ 8 ಅಂಗುಲ. ಅಂದರೆ ಕಾಗದದ ಮೇಲಿನ ಒಂದು ಅಂಗುಲಕ್ಕೆ ನೆಲದ ಮೇಲೆ 20 ಸರಪಳಿ.

ಕಂದಾಯ ನಿಗದಿಯೇ ಈ ಮೋಜಣಿಯ ಗುರಿಯಾಗಿದ್ದುದರಿಂದ, ಕಂದಾಯ ಹುಟ್ಟದ ನೆಲವೆಲ್ಲ ಅದರ ದೃಷ್ಟಿಯಲ್ಲಿ ಖರಾಬು. ಖರಾಬಿನಲ್ಲಿ ಎರಡು ಬಗೆ ಏರ್ಪಟ್ಟಿತು. ಬಂಡೆ, ಕೊರಕಲು ಮೊದಲಾಗಿ ಸಾಗುವಳಿಗೆ ಒದಗದ ನೆಲ ‘ಅ’ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನ ಮೊದಲಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ನೆಲ ‘ಬ’ ಖರಾಬು. ಊರಿಗೆಲ್ಲ ನೀರನ್ನು ತರುವ ಕಾಲುವೆಯೂ, ಏನೂ ಬೆಳೆಯದ ಬಂಡೆಯೂ ಒಂದೇ ಹೆಸರನ್ನು ಹೊತ್ತುವು. ಸಾಮಾನ್ಯ ಮಾತಿನಲ್ಲಿ ಖರಾಬು ಎಂದರೆ ಕೆಟ್ಟದ್ದು. ಲೆಕ್ಕದ ಪುಸ್ತಕದ ಈ ಶಬ್ದವು ಒಂದೂವರೆ ಶತಮಾನದ ಮೇಲೆ ಎಷ್ಟು ಅನರ್ಥಕ್ಕೆ ಎಡೆಕೊಟ್ಟಿತೆಂಬುದನ್ನು ಬೆಂಗಳೂರಿನ ರಾಜಕಾಲುವೆಗಳ ವ್ಯಾಜ್ಯಗಳು ತೋರಿಸುತ್ತವೆ. ಆದರೆ ಅದೇ ಗ್ರಾಮ ನಕಾಶೆಯ ಮೇಲೆ ಹಳ್ಳಕೊಳ್ಳಗಳ ಗೆರೆಯೂ ಉಳಿದಿದ್ದುದರಿಂದ, ಆ ವ್ಯಾಜ್ಯಗಳಲ್ಲಿ ಕಾಲುವೆಯ ಪರವಾಗಿ ಸಾಕ್ಷಿ ನುಡಿಯಲು ಅದೇ ಒದಗಿಬಂದಿತು ಎಂಬುದನ್ನೂ ಮರೆಯಬಾರದು.

4

ಹೊಲದ ಮೋಜಣಿ ನಡೆಯುತ್ತಿದ್ದ ದಶಕದಲ್ಲಿಯೇ ನೀರಿನ ದೃಷ್ಟಿಯಿಂದ ನಾಡನ್ನು ನೋಡಿದವನು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ. 1866ರಲ್ಲಿ ಅವನು ಬರೆದ ವರದಿಯ ಸಾರಾಂಶ ಹೀಗಿದೆ: 27,269 ಚದರ ಮೈಲಿಗಳ ಮೈಸೂರು ಸೀಮೆಯಲ್ಲಿ ನೂರಕ್ಕೆ ಅರವತ್ತರಷ್ಟು ನೆಲವು ಅಲ್ಲಿನ ಜನರ ತಾಳ್ಮೆಯ ದುಡಿಮೆಯಿಂದಾಗಿ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಇಷ್ಟು ವಿಸ್ತಾರದಲ್ಲಿ ಹೊಸ ಕೆರೆಗೆ ಒಂದು ಸ್ಥಳವನ್ನು ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕು, ಹಳೆಯದನ್ನು ದುರಸ್ತಿ ಮಾಡಬಹುದೇ ಹೊರತು, ಹೊಸದಾಗಿ ಏನನ್ನು ಕಟ್ಟಿದರೂ ಅದು ಅದೇ ಕಣಿವೆಯ ಕೆಳಗಿನ ಇನ್ನೊಂದು ಕೆರೆಯ ನೀರನ್ನು ಕಡಿದುಹಾಕುವುದು ಬಹುಮಟ್ಟಿಗೆ ನಿಶ್ಚಯ.

ಈ ಮಾತು ಕೇವಲ ಮೆಚ್ಚುಗೆಯ ಮಾತೆಂದು ಅನೇಕರು ಉದ್ಧರಿಸುವುದುಂಟು. ವಾಸ್ತವವಾಗಿ ಅದು ಎಚ್ಚರಿಕೆಯ ಮಾತು. ಮೈಸೂರಿನ ಕೆರೆಗಳು ಬಿಡಿಬಿಡಿಯಾದ ಕೊಳಗಳಾಗಿರಲಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದರ ಕೋಡಿಯಿಂದ ಮತ್ತೂ ಕೆಳಗಿನದಕ್ಕೆ. ಹೀಗೆ ಹರಿದುಬರುವ ಸರಣಿಯಲ್ಲಿ ‘ತೆರವಾದ ಸ್ಥಳ’ ಎಂಬುದು ಕಣ್ಣಿಗೆ ಮಾತ್ರ ತೆರವು; ಅಲ್ಲಿ ಬಿದ್ದ ಮಳೆಗೆ ಕೆಳಗಿನವನೊಬ್ಬ ಆಗಲೇ ಹಕ್ಕುದಾರನಾಗಿರುತ್ತಾನೆ. ಇದೇ ತತ್ತ್ವವು ದೊಡ್ಡ ಪ್ರಮಾಣದಲ್ಲಿ 1892ರ ಮೈಸೂರು ಮದರಾಸು ಒಪ್ಪಂದವಾಗಿ ಪರಿಣಮಿಸಿತು. ಪಟ್ಟಿಯಲ್ಲಿ ಹೆಸರಿಸಿದ ನದಿಗಳಿಗೆ ಅಡ್ಡಲಾಗಿ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯವನ್ನು ಕಟ್ಟಕೂಡದೆಂದಾಯಿತು. ಎರಡು ರಾಜ್ಯಗಳ ನಡುವಣ ಕೆರೆ ದೋಷಯುಕ್ತವೆಂದ ಪೊರುಮಾಮಿಳ್ಳದ ಶಾಸನಕಾರನ ಮಾತು ಐದು ಶತಮಾನಗಳ ಮೇಲೆ ಈ ರೂಪದಲ್ಲಿ ಅನುಭವಕ್ಕೆ ಬಂದಿತು.

5

ಇಪ್ಪತ್ತನೆಯ ಶತಮಾನದಲ್ಲಿ ಗಮನವು ಕೆರೆಯಿಂದ ಹೊಲಕ್ಕೂ, ಹೊಲದಿಂದ ಜಲಾನಯನಕ್ಕೂ ಸರಿಯಿತು. ಪದೇ ಪದೇ ಬರಗಾಲಕ್ಕೆ ತುತ್ತಾಗುತ್ತಿದ್ದ ಸೀಮೆಗಳಲ್ಲಿ 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. 1942ರಲ್ಲಿ ಮುಂಬಯಿ ಸರ್ಕಾರ ಭೂಸುಧಾರಣಾ ಯೋಜನೆಗಳ ಕಾನೂನನ್ನು ತಂದಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಆರಂಭವಾಯಿತು. ಮಳೆನೀರು ಒಂದೇ ಬಾಯಿಯಿಂದ ಹೊರಬೀಳುವಷ್ಟು ನೆಲವನ್ನು ಒಂದು ಘಟಕವಾಗಿ ಹಿಡಿದು, ದಿಬ್ಬದಿಂದ ಕಣಿವೆಯವರೆಗೆ ಕ್ರಮವಾಗಿ ಕೆಲಸ ಮಾಡಬೇಕೆಂಬ ಅಭಿಪ್ರಾಯ ಕ್ರಮೇಣ ಬಲಗೊಂಡಿತು. ಅಖಿಲ ಭಾರತ ಮಣ್ಣು ಮತ್ತು ಭೂಬಳಕೆ ಮೋಜಣಿ ಸಂಸ್ಥೆಯು 1990ರಲ್ಲಿ ಹೊರತಂದ ಜಲಾನಯನ ಭೂಪಟದಲ್ಲಿ ಇಡೀ ದೇಶವನ್ನು 6 ಜಲವಲಯ, 35 ಕೊಳ್ಳ, 112 ಮೇಲ್ಕೊಳ್ಳ, 500 ಉಪಕೊಳ್ಳ, 3,237 ಜಲಾನಯನಗಳಾಗಿ ವಿಂಗಡಿಸಿದೆ. ಈ ವಿಂಗಡಣೆಯಲ್ಲಿ ತಾಲ್ಲೂಕು ಜಿಲ್ಲೆಗಳ ಗಡಿಗೆ ಸ್ಥಾನವಿಲ್ಲ. ನೀರಿಳಿಯುವ ಏಣೇ ಗಡಿ.

ಇಲ್ಲಿಂದ ಒಂದು ತೊಡಕು ಹುಟ್ಟಿತು. ನೀರು ಜಲಾನಯನವನ್ನು ಅನುಸರಿಸುತ್ತದೆ. ಒಡೆತನವು ಸರ್ವೆ ನಂಬರನ್ನು ಅನುಸರಿಸುತ್ತದೆ. ಎರಡು ನಕ್ಷೆಗಳೂ ಕೂಡದ ಹೊರತು ಯಾರ ಹೊಲದಲ್ಲಿ ಯಾವ ಕೆಲಸವಾಗಬೇಕೆಂದು ಹೇಳಲಾಗದು. 1988ರಲ್ಲಿ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್ 1ಎ ಕಕ್ಷೆಯನ್ನು ಸೇರಿದ ಮೇಲೆ ಈ ಕೂಡಿಕೆ ಸಾಧ್ಯವಾಗತೊಡಗಿತು. ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರ ವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿ ಉಪಗ್ರಹಚಿತ್ರಗಳನ್ನು ಯೋಜನೆಯ ಮೇಲ್ವಿಚಾರಣೆಗೆ ಬಳಸಿಕೊಂಡರು. 2012ರಲ್ಲಿ ಮಂಜೂರಾದ ಅದರ ಮುಂದಿನ ಹಂತದಲ್ಲಿ ಕಿರು ಜಲಾನಯನಗಳ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಉಪಗ್ರಹಚಿತ್ರದ ಮೇಲೆ ಗ್ರಾಮ ನಕಾಶೆಯನ್ನು ಹೊಂದಿಸಿ, ಹೊಲಹೊಲದ ಮಣ್ಣನ್ನು ಪರೀಕ್ಷಿಸಿ ನಕ್ಷೆ ಮಾಡಿದರು. ಆ ನಕ್ಷೆಯ ಪ್ರಮಾಣ 1:7,920. ಮೈಲಿಗೆ 8 ಅಂಗುಲವೆಂಬ ಹಳೆಯ ಪ್ರಮಾಣವೇ ಇದು. ವಿಂಗೇಟನ ಕಾಲದ 33 ಅಡಿಯ ಸರಪಳಿಯ ಅಳತೆ ಹೀಗೆ ಉಪಗ್ರಹದ ಚಿತ್ರದೊಳಗೂ ಉಳಿದುಬಂದಿದೆ.

ಅನಂತರದ ಬೆಳವಣಿಗೆ ತ್ವರಿತವಾದುದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸಿದ್ಧಪಡಿಸಿದ ‘ಭುವನ್’ 2009ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ನದೀಕೊಳ್ಳ, ಜಲಾಶಯ, ಅಂತರ್ಜಲಗಳ ನಕ್ಷೆಗಳನ್ನು ಒಳಗೊಂಡ ಜಲಸಂಪನ್ಮೂಲ ಮಾಹಿತಿ ವ್ಯವಸ್ಥೆ 2010ರಲ್ಲಿ ಹೊರಬಂದಿತು. 2005ರ ನಕ್ಷಾನೀತಿಯೂ 2021ರ ಫೆಬ್ರವರಿಯ ಹೊಸ ಸೂಚನೆಗಳೂ ಹಿಂದೆ ಬೀರುವಿನಲ್ಲಿ ಬೀಗಹಾಕಿ ಇಡುತ್ತಿದ್ದ ನಕ್ಷೆಗಳ ಮೇಲಿನ ನಿರ್ಬಂಧವನ್ನು ಹಂತಹಂತವಾಗಿ ಸಡಿಲಿಸಿದುವು. ಒಂದು ಕಾಲಕ್ಕೆ ದಂಡಿನ ಅಧಿಕಾರಿಗೆ ಮಾತ್ರ ದೊರೆಯುತ್ತಿದ್ದ ನೋಟವು ಇಂದು ಗ್ರಾಮಪಂಚಾಯಿತಿಯ ಸದಸ್ಯನ ಕೈಯಲ್ಲಿಯೂ ಇದೆ. ಇದು ಸಾಮಾನ್ಯವಾದ ಲಾಭವಲ್ಲ.

ಹಾಗೆಂದು ಪರದೆಯ ನೋಟವೇ ಪೂರ್ಣವೆಂದು ಭಾವಿಸುವುದು ಸರಿಯಲ್ಲ. ನೆಲದ ಎತ್ತರವನ್ನು ತಿಳಿಸುವ ಉಪಗ್ರಹದತ್ತಾಂಶವು ಸಾಮಾನ್ಯವಾಗಿ 30 ಮೀಟರಿನ ಚೌಕಗಳಲ್ಲಿ ದೊರೆಯುತ್ತದೆ. ಕೋಲಾರದಂತಹ ಮಂದವಾದ ಇಳಿಜಾರಿನ ಬಯಲಿನಲ್ಲಿ ಎರಡು ಮೂರು ಮೀಟರು ಅಗಲದ ಕಾಲುವೆ ಆ ಚೌಕದೊಳಗೆ ಕರಗಿಹೋಗುತ್ತದೆ. ಬರಗಾಲದಲ್ಲಿ ತೆಗೆದ ಚಿತ್ರದಲ್ಲಿ ಬತ್ತಿದ ಕೆರೆಯಂಗಳ ಬಯಲಾಗಿ ಕಾಣುತ್ತದೆ. ಅಲ್ಲಿ ಬಳ್ಳಾರಿ ಜಾಲಿ ಬೆಳೆದಿದ್ದರೆ ಹಸಿರು ಹೊದಿಕೆಯಾಗಿ ಕಾಣುತ್ತದೆ. ಕೆರೆಯಾಗಿ ಕಾಣುವುದು ಮಾತ್ರ ಗ್ರಾಮ ನಕಾಶೆಯಲ್ಲಿ ಮತ್ತು ಊರಿನವರ ನೆನಪಿನಲ್ಲಿ.

ಸ್ಯಾಂಕಿಯ ಎಚ್ಚರಿಕೆ ಮರೆತುಹೋದುದರ ಫಲವನ್ನೂ ಇಲ್ಲಿಯೇ ಹೇಳಬೇಕು. 2003ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಬ್ಯಾಚಲರ್, ರಾಮಮೋಹನ ರಾವ್, ಮನೋಹರ ರಾವ್ ಎಂಬ ವಿದ್ವಾಂಸರು ಕರ್ನಾಟಕ ಮತ್ತು ಆಂಧ್ರದ ಜಲಾನಯನ ಕಾಮಗಾರಿಗಳನ್ನು ಪರಿಶೀಲಿಸಿ, ಮೇಲ್ಭಾಗದಲ್ಲಿ ಒಡ್ಡುಗಳೂ ತಡೆ ಅಣೆಗಳೂ ಅಂತರ್ಜಲದ ಬಳಕೆಯೂ ಹೆಚ್ಚಿದಂತೆಲ್ಲ ಕೆಳಗಿನ ಹಳೆಯ ಕೆರೆಗಳಿಗೆ ಬರುವ ನೀರು ತಗ್ಗುತ್ತದೆಂದು ತೋರಿಸಿಕೊಟ್ಟರು. ನೀರು ಉಳಿಸುವ ಯೋಜನೆಯು ನೀರನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಯೋಜನೆಯೂ ಆಗಬಹುದೆಂಬುದು ಅವರ ವಾದದ ತಿರುಳು. 1866ರಲ್ಲಿ ಸ್ಯಾಂಕಿ ಹೇಳಿದುದನ್ನು 137 ವರ್ಷಗಳ ಮೇಲೆ ಮತ್ತೆ ಅಳೆದು ಸಿದ್ಧಪಡಿಸಬೇಕಾಯಿತು.

6

ಪ್ರಕೃತಿಗೆ ಆದ ನಷ್ಟವನ್ನು ಬೇರೆಡೆ ತುಂಬಿಕೊಡುವ ಕಾರ್ಯದಲ್ಲಿ ಇದೇ ದೋಷ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾನೂನಿನ ಮೇರೆಗೆ ಕಾಡನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಟ್ಟಾಗ ಸಾಮಾನ್ಯವಾಗಿ ಅಷ್ಟೇ ವಿಸ್ತೀರ್ಣದ ಕಾಡಲ್ಲದ ಭೂಮಿಯಲ್ಲಿ, ಅದು ದೊರೆಯದ ಪಕ್ಷದಲ್ಲಿ ಇಮ್ಮಡಿ ವಿಸ್ತೀರ್ಣದ ಹಾಳುಬಿದ್ದ ಕಾಡಿನಲ್ಲಿ ಗಿಡ ಬೆಳೆಸಬೇಕು. ಆದರೆ ಅಷ್ಟು ಭೂಮಿ ಎಲ್ಲಿದೆ? ಮಹಾಲೆಕ್ಕ ಪರಿಶೋಧಕರ 2013ರ ವರದಿಯಂತೆ, 2006ರಿಂದ 2012ರ ಅವಧಿಯಲ್ಲಿ ದೇಶದಲ್ಲಿ ಬರಬೇಕಾಗಿದ್ದ ಸುಮಾರು 1,03,382 ಹೆಕ್ಟೇರು ಕಾಡಲ್ಲದ ಭೂಮಿಯಲ್ಲಿ ಬಂದುದು 28,086 ಹೆಕ್ಟೇರು. ಅದರಲ್ಲಿ ಗಿಡ ನೆಟ್ಟುದು 7,281 ಹೆಕ್ಟೇರು ಮಾತ್ರ. ಈ ಅಭಾವದ ನಡುವೆ ನಕ್ಷೆಗಳಲ್ಲಿ ಬಂಜರು ಎಂದು ಬಣ್ಣ ಹಚ್ಚಿದ ನೆಲವೇ ಸಹಜವಾಗಿ ಕಣ್ಣಿಗೆ ಬೀಳುತ್ತದೆ. 2019ರ ಬಂಜರುಭೂಮಿ ಭೂಪಟದ ಪ್ರಕಾರ ದೇಶದ ವಿಸ್ತೀರ್ಣದಲ್ಲಿ ಶೇಕಡಾ 17ರಷ್ಟು, ಅಂದರೆ ಸುಮಾರು 5.58 ಕೋಟಿ ಹೆಕ್ಟೇರು, ಬಂಜರು. ಕುರುಚಲು ಬಯಲೂ ಗೋಮಾಳವೂ ಈ ಲೆಕ್ಕದೊಳಗೆ ಸೇರಿವೆ.

ಕನ್ನಡ ನಾಡಿನಲ್ಲಿ ಇಂತಹ ಬಯಲುಗಳಿಗೆ ಹಳೆಯ ಹೆಸರುಗಳುಂಟು. ಅಮೃತಮಹಲ್ ಕಾವಲುಗಳು ಅರಸರ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪೂ ಸುಲ್ತಾನ. ಕುರಿ ದನಗಳನ್ನು ಮೇಯಿಸುವವರಿಗೂ ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿಗಳಿಗೂ ಅವು ಆಶ್ರಯವಾಗಿದ್ದುವು. ಹುಲ್ಲಿನ ಬಯಲಿಗೆ ಸಾಲುಮರ ನೆಟ್ಟರೆ ಹಸಿರು ಹೆಚ್ಚಿತೆಂದು ಪರದೆ ತೋರಿಸಬಹುದು; ಆದರೆ ಹುಲ್ಲನ್ನು ನೆಚ್ಚಿದ ಪ್ರಾಣಿಗೂ ಮನುಷ್ಯನಿಗೂ ಅದು ನಷ್ಟವೇ. ಚಳ್ಳಕೆರೆಯ ಬಳಿ 2008ರಿಂದೀಚೆಗೆ ಸುಮಾರು 10,000 ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿಕೊಟ್ಟಾಗ, ಆ ನೆಲ ತಮ್ಮ ಅನುಭೋಗದಲ್ಲಿದೆಯೆಂಬ ಹಳ್ಳಿಗರ ಅಹವಾಲು ಚೆನ್ನೈಯ ಹಸಿರು ನ್ಯಾಯಪೀಠದವರೆಗೆ ಹೋಯಿತು. ಕಂದಾಯದ ಲೆಕ್ಕದಲ್ಲಿ ಖರಾಬು, ಉಪಗ್ರಹದ ಲೆಕ್ಕದಲ್ಲಿ ಬಂಜರು: ಕಾಲ ಬೇರೆಯಾದರೂ ನೋಟದ ಬಗೆ ಒಂದೇ.

7

ಇಲ್ಲಿ ಒಂದು ಶಂಕೆ ಏಳಬಹುದು. ತೆರವಾದ ನೆಲವೇ ಇಲ್ಲವೆಂದರೆ ಹೊಸ ಕೆಲಸವೇ ಆಗಕೂಡದೆ? ಸ್ಯಾಂಕಿಯ ವರದಿಯಲ್ಲಿಯೇ ಇದಕ್ಕೆ ಸಮಾಧಾನವುಂಟು: ದುರಸ್ತಿಗೆ ಅವಕಾಶವಿದೆ. 2018ರಲ್ಲಿ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರದ ಕೆರೆಗೆ ತಲಪಿಸಿದಾಗ, ಅಲ್ಲಿಂದ ಮುಂದೆ ಅದು ಹಳೆಯ ಸರಣಿಯ ದಾರಿಯನ್ನೇ ಹಿಡಿದು ಕೆರೆಯಿಂದ ಕೆರೆಗೆ ಹರಿಯಿತು. ಆ ನೀರಿನ ಗುಣದ ವಿಷಯದಲ್ಲಿ ವಾದವಿವಾದಗಳಿವೆ; ದಾರಿಯ ವಿಷಯದಲ್ಲಿ ವಿವಾದವಿಲ್ಲ. ಹೊಸ ಸ್ಥಳವನ್ನು ಹುಡುಕುವುದಕ್ಕಿಂತ ಹಳೆಯ ಸ್ಥಳದ ಸಂಬಂಧಗಳನ್ನು ಗುರುತಿಸುವುದಕ್ಕೆ ನಕ್ಷೆಯನ್ನು ಬಳಸಿಕೊಂಡರೆ ಆಗಬಹುದಾದ ಕಾರ್ಯಕ್ಕೆ ಇದೊಂದು ನಿದರ್ಶನ.

ಆದುದರಿಂದ ಸ್ಥಳನಿರ್ಣಯಕ್ಕೆ ಮೂರು ಸಾಕ್ಷಿಗಳನ್ನು ಕೇಳಬೇಕಾಗುತ್ತದೆ. ಇಂದಿನ ನೆಲ ಹೇಗಿದೆಯೆಂಬುದನ್ನು ಉಪಗ್ರಹ ಹೇಳುತ್ತದೆ. ಹಳ್ಳವೂ ಕೆರೆಯೂ ಎಲ್ಲಿದ್ದುವೆಂಬುದನ್ನು ಗ್ರಾಮ ನಕಾಶೆ ಹೇಳುತ್ತದೆ. ಅವು ಯಾರಿಗೆ ಸೇರಿದ್ದುವು, ಯಾರ ಉಪಯೋಗದಲ್ಲಿದ್ದುವು ಎಂಬುದನ್ನು ಶಾಸನ, ಕೈಫಿಯತ್ತು ಮತ್ತು ಊರಿನ ಜನ ಹೇಳಬೇಕು. ಮೊದಲ ಎರಡು ಸಾಕ್ಷಿಗಳು ಪರದೆಯ ಮೇಲೆ ಒಂದುಗೂಡಿವೆ. ಮೂರನೆಯದು ಇನ್ನೂ ಹೊರಗೇ ನಿಂತಿದೆ.

ಆ ಮೂರನೆಯ ಸಾಕ್ಷ್ಯದ ಬಹುಭಾಗ ಕರ್ನಾಟಕದ ಹೊರಗಿನ ನಗರಗಳಲ್ಲಿದೆ ಎಂಬುದು ಗಮನಾರ್ಹ. ಮೆಕೆಂಜಿಯ ಕನ್ನಡ ಕೈಫಿಯತ್ತುಗಳು ಚೆನ್ನೈಯ ಸರ್ಕಾರಿ ಹಸ್ತಪ್ರತಿ ಭಂಡಾರದಲ್ಲಿವೆ, ಎಂ. ಎಂ. ಕಲಬುರ್ಗಿಯವರ ಸಂಪಾದನೆಯಿಂದ ಅವು ಕನ್ನಡ ಓದುಗರಿಗೆ ದೊರೆತಿವೆ. ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಗಳ ಹಳೆಯ ಕಂದಾಯದ ಕಾಗದಪತ್ರಗಳು ಮುಂಬಯಿಯ ಪತ್ರಾಗಾರದಲ್ಲಿವೆ. ಉಪಗ್ರಹಚಿತ್ರಗಳ ಭಂಡಾರ ಹೈದರಾಬಾದಿನಲ್ಲಿದೆ. ಇವುಗಳಿಂದ ಊರು ಊರಿನ ಕೆರೆ, ಕಾಲುವೆ, ಕಾವಲುಗಳ ಉಲ್ಲೇಖವನ್ನು ಆರಿಸಿ ಸರ್ವೆ ನಂಬರಿನೊಡನೆ ಹೊಂದಿಸುವ ಕೆಲಸಕ್ಕೆ ಇಂಜಿನಿಯರನ ವಿದ್ಯೆಯೊಂದೇ ಸಾಲದು. ಹಳಗನ್ನಡವನ್ನೂ ಮೋಡಿ ಲಿಪಿಯನ್ನೂ ಶಾನುಭೋಗರ ಕಡತದ ಬರೆಹವನ್ನೂ ಓದಬಲ್ಲವರು ಬೇಕು. ಅಂತಹ ವಿದ್ವಾಂಸರು ಆ ನಗರಗಳ ಕನ್ನಡಿಗರಲ್ಲಿ ಇಲ್ಲದಿಲ್ಲ. ಒಂದು ತಾಲ್ಲೂಕಿನ ಒಂದು ಕೆರೆಸರಣಿಯನ್ನು ಹಿಡಿದು ಈ ಕಾರ್ಯವನ್ನು ಆರಂಭಿಸಿದರೂ, ಪರದೆಯ ಮೇಲೆ ತೆರವಾಗಿ ಕಾಣುವ ಎಷ್ಟೋ ನೆಲಕ್ಕೆ ಅದರ ಹೆಸರು ಮರಳಿ ಬರುವುದು.